ನಾದ ಮತ್ತು ಅನುಕೂಲದ ನಡುವೆ

ಲಾಸ್ ಏಂಜಲೀಸ್‌ನ ಸೌಂಡ್ ಸಿಟಿ ಸ್ಟುಡಿಯೊ 1973ರಲ್ಲಿ ಇಂಗ್ಲೆಂಡಿನಿಂದ ನೀವ್ 8028 ಎಂಬ ಮಿಕ್ಸಿಂಗ್ ಕನ್ಸೋಲನ್ನು ತರಿಸಿಕೊಂಡಾಗ ತೆತ್ತ ಬೆಲೆ ಸುಮಾರು 75 ಸಾವಿರ ಡಾಲರು. ಅಂದಿನ ಅಮೆರಿಕದಲ್ಲಿ ಆ ಹಣಕ್ಕೆ ಸಾಧಾರಣ ಮನೆಗಳೆರಡನ್ನು ಕೊಳ್ಳಬಹುದಿತ್ತು. ಹತ್ತಾರು ಮೈಕುಗಳ ಧ್ವನಿಯನ್ನು ಹಿಗ್ಗಿಸಿ, ತಿದ್ದಿ, ಹದವಾಗಿ ಬೆರೆಸುವ ಒಂದು ಮೇಜಿಗೆ ಇಷ್ಟು ಬಂಡವಾಳ ಸುರಿಯುವುದು ವಿವೇಕವೇ?

ರೂಪರ್ಟ್ ನೀವ್ (1926–2021) ರೂಪಿಸಿದ ಆ ಕಾಲದ ಕನ್ಸೋಲುಗಳಲ್ಲಿ ಧ್ವನಿಯ ವಿದ್ಯುತ್ ಸಂಕೇತವು ಒಳಬರುವಾಗಲೂ ಹೊರಹೋಗುವಾಗಲೂ ಟ್ರಾನ್ಸ್‌ಫಾರ್ಮರುಗಳ ಮೂಲಕ ಹಾಯುತ್ತದೆ. ಸಂಕೇತವನ್ನು ತುಸು ಒತ್ತಿದರೆ ಅವು ಮೂಲದಲ್ಲಿಲ್ಲದ ಉಪಸ್ವರಗಳನ್ನು ಸೇರಿಸುತ್ತವೆ. ಎಂಜಿನಿಯರಿಂಗ್ ಲೆಕ್ಕದಲ್ಲಿ ಇದು ವಿಕೃತಿಯೇ. ಕೇಳುಗರು ಅದನ್ನು ಬೆಚ್ಚನೆಯ ನಾದವೆನ್ನುತ್ತಾರೆ. ಆದರೆ ತಿದ್ದುವ ಆವರ್ತನಗಳನ್ನು ನಿಗದಿತ ಮೆಟ್ಟಿಲುಗಳಲ್ಲಷ್ಟೇ ಆರಿಸಬೇಕು. ನಿನ್ನೆಯ ಮಿಶ್ರಣ ಇಂದು ಬೇಕೆಂದರೆ ಪ್ರತಿ ಗುಂಡಿಯ ಸ್ಥಾನವನ್ನೂ ಕಾಗದದಲ್ಲಿ ಬರೆದಿಟ್ಟಿರಬೇಕು.

ಆಕ್ಸ್‌ಫರ್ಡ್‌ಶೈರಿನ ಸಾಲಿಡ್ ಸ್ಟೇಟ್ ಲಾಜಿಕ್ ಸಂಸ್ಥೆಯ ಕಾಲಿನ್ ಸ್ಯಾಂಡರ್ಸ್ ಕೈಹಾಕಿದ್ದು ಈ ತೊಡಕಿಗೇ. ಅವರ ಎಸ್‌ಎಲ್ 4000 ಶ್ರೇಣಿಯಲ್ಲಿ ಪ್ರತಿ ಚಾನೆಲ್ಲಿಗೂ ಕಂಪ್ರೆಸರ್ ಮತ್ತು ಗೇಟ್ ಬಂದವು. ಫೇಡರುಗಳ ಏರಿಳಿತವನ್ನು ಕಂಪ್ಯೂಟರ್ ನೆನಪಿಟ್ಟುಕೊಂಡಿತು. ‘ಟೋಟಲ್ ರಿಕಾಲ್’ ಬಂದ ಮೇಲೆ ಗುಂಡಿಗಳ ಸ್ಥಾನವೂ ಪರದೆಯ ಮೇಲೆ ಮೂಡತೊಡಗಿತು. (ತಿರುಗಿಸುವ ದುಡಿಮೆ ಮಾತ್ರ ಸಹಾಯಕನಿಗೆ ತಪ್ಪಲಿಲ್ಲ.) ಸ್ಟುಡಿಯೊದ ಬಾಡಿಗೆ ಗಂಟೆಯ ಲೆಕ್ಕದಲ್ಲಿ ಏರುವಾಗ ಇದರ ಬೆಲೆ ಅರ್ಥಶಾಸ್ತ್ರ ಓದದವರಿಗೂ ತಿಳಿಯುತ್ತದೆ. ಈ ಕನ್ಸೋಲಿನ ನಾದ ತೆಳುವೆಂದು ಮೂಗು ಮುರಿದವರೂ ಇದ್ದರು.

ಆದರೆ ಅನುಕೂಲವೇ ನಾದವಾದದ್ದೂ ಉಂಟು. 1980ರಲ್ಲಿ ಬಂದ ಪೀಟರ್ ಗೇಬ್ರಿಯಲ್ ಅವರ ಮೂರನೆಯ ಆಲ್ಬಮ್ಮಿಗೆ ಫಿಲ್ ಕಾಲಿನ್ಸ್ ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊದಲ್ಲಿ ಡ್ರಮ್ಸ್ ನುಡಿಸುತ್ತಿದ್ದರು. ವಾದಕರ ಮಾತು ಕೇಳಿಸಲೆಂದಷ್ಟೇ ಇದ್ದ ಮೈಕಿಗೆ ಎಸ್‌ಎಸ್‌ಎಲ್ ಕನ್ಸೋಲಿನಲ್ಲಿ ಬಿಗಿಯಾದ ಕಂಪ್ರೆಸರ್ ಜೋಡಿಸಲಾಗಿತ್ತು. ಡ್ರಮ್ಸಿನ ಸದ್ದು ಅದರೊಳಗಿಂದ ಭೋರ್ಗರೆದು ಕೇಳಿಸಿತು. ಎಂಜಿನಿಯರ್ ಹ್ಯೂ ಪ್ಯಾಡ್ಗಮ್ ಅದನ್ನು ಗೇಟಿನಿಂದ ಥಟ್ಟನೆ ಕತ್ತರಿಸಿದರು. ಆ ದಶಕದ ಜನಪ್ರಿಯ ಸಂಗೀತವೆಲ್ಲ ಆ ಸದ್ದಿನ ಬೆನ್ನು ಹತ್ತಿತು.

ಹೀಗಿರುವಾಗ ಯಾವುದು ಶ್ರೇಷ್ಠವೆಂಬ ವಾದ ಅರ್ಧ ವ್ಯರ್ಥ. ನಿರ್ವಾಣ ತಂಡದ ‘ನೆವರ್‌ಮೈಂಡ್’ (1991) ಬಹುಪಾಲು ಮುದ್ರಣಗೊಂಡದ್ದು ಸೌಂಡ್ ಸಿಟಿಯ ನೀವ್‌ನಲ್ಲಿ. ಆಂಡಿ ವ್ಯಾಲೇಸ್ ಅದನ್ನು ಮಿಶ್ರಣ ಮಾಡಿದ್ದು ಬೇರೊಂದು ಸ್ಟುಡಿಯೊದ ಎಸ್‌ಎಸ್‌ಎಲ್‌ನಲ್ಲಿ. ಹಾಡುವ ಗಳಿಗೆಗೆ ನಾದ, ಆಮೇಲಿನ ತಿದ್ದುಪಡಿಗೆ ಅನುಕೂಲ ಎಂಬ ಈ ಶ್ರಮವಿಭಜನೆಯೇ ನನಗೆ ಒಪ್ಪಿಗೆ.

ಇಂದು ಎರಡರ ಅನುಕರಣೆಯೂ ಅಲ್ಪ ಬೆಲೆಯ ಸಾಫ್ಟ್‌ವೇರ್ ಆಗಿ ಲ್ಯಾಪ್‌ಟಾಪಿಗೆ ಇಳಿಯುತ್ತದೆ. ಅದು ಕೊಡಲಾಗದ್ದು ಹತ್ತು ವಾದಕರು ಒಟ್ಟಿಗೆ ಕೂತು ನುಡಿಸುವ ಕೋಣೆಯನ್ನು ಮತ್ತು ಒಣಗಿದ ಕೆಪಾಸಿಟರನ್ನು ಹುಡುಕಿ ಬದಲಿಸಬಲ್ಲ ತಂತ್ರಜ್ಞನನ್ನು. ಇವೆರಡನ್ನೂ ಸಾಕುವ ವರಮಾನವಿಲ್ಲದೆ ದೊಡ್ಡ ಸ್ಟುಡಿಯೊಗಳು ಒಂದೊಂದಾಗಿ ಮುಚ್ಚಿದವು. ಸೌಂಡ್ ಸಿಟಿಯೂ 2011ರಲ್ಲಿ ವಾಣಿಜ್ಯ ವ್ಯವಹಾರ ನಿಲ್ಲಿಸಿತು. ಅಲ್ಲಿನ 8028 ಕನ್ಸೋಲನ್ನು ನಿರ್ವಾಣ ತಂಡದಲ್ಲಿ ಡ್ರಮ್ಸ್ ನುಡಿಸಿದ್ದ ಡೇವ್ ಗ್ರೋಲ್ ಕೊಂಡು, ತಮ್ಮ ಸ್ಟುಡಿಯೊಗೆ ಒಯ್ದು, ಮತ್ತೆ ಕೆಲಸಕ್ಕೆ ಹಚ್ಚಿದರು.