ಬೀಜದ ಪ್ಯಾಕೆಟ್ಟಿನೊಳಗಿನ ವ್ಯಾಜ್ಯ

ಹಿರೇಕೆರೂರಿನಲ್ಲಿ ನನ್ನ ವೃತ್ತಿಯನ್ನು ವಿವರಿಸುವುದು ಸುಲಭವಲ್ಲ. ಸ್ಪರ್ಧಾ ಕಾನೂನಿನ ವಕೀಲ ಎಂದೊಡನೆ ಕೇಳಿದವರು ಕೆಎಎಸ್, ಪಿಎಸ್‌ಐ ಪರೀಕ್ಷೆಗಳ ಮಾತು ತೆಗೆಯುತ್ತಾರೆ. ಮಗನಿಗೆ ಧಾರವಾಡದಲ್ಲಿ ಯಾವ ಕೋಚಿಂಗ್ ಒಳ್ಳೆಯದೆಂದು ಸಲಹೆ ಕೇಳಿದವರೂ ಉಂಟು. ಅವರದೇನೂ ತಪ್ಪಿಲ್ಲ. ತಾಲ್ಲೂಕು ನ್ಯಾಯಾಲಯದ ಅಂಗಳದಲ್ಲಿ ಕಾಣುವ ವ್ಯಾಜ್ಯಗಳು ಹೊಲದ ಬದುವಿನವು, ಪಾಲುಪಟ್ಟಿಯವು, ಚೆಕ್ ಬೌನ್ಸಿನವು. ಒಂದು ಕಂಪನಿ ಮಾರುಕಟ್ಟೆಯಲ್ಲಿ ತನಗಿರುವ ಬಲವನ್ನು ದುರುಪಯೋಗಪಡಿಸಿಕೊಂಡಿತೇ, ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ದರ ಕಟ್ಟಿದರೇ ಎಂಬ ಪ್ರಶ್ನೆಗಳು ಇತ್ಯರ್ಥವಾಗುವುದು ದೂರದ ದೆಹಲಿಯಲ್ಲಿ, ಭಾರತೀಯ ಸ್ಪರ್ಧಾ ಆಯೋಗದ ಮುಂದೆ. ಆದರೆ ಆ ಆಯೋಗ ಕಂಡ ದೀರ್ಘ ವ್ಯಾಜ್ಯಗಳಲ್ಲೊಂದು ನಮ್ಮೂರಿನ ಗೊಬ್ಬರದ ಅಂಗಡಿಯಲ್ಲಿ ರೈತರು ಉದ್ರಿ ಬರೆಸಿ ಒಯ್ಯುತ್ತಿದ್ದ 450 ಗ್ರಾಂ ಹತ್ತಿಬೀಜದ ಪ್ಯಾಕೆಟ್ಟಿಗೆ ಸಂಬಂಧಿಸಿದ್ದು. ಆ ವ್ಯಾಜ್ಯ ಈಗ ಮುಗಿದಿದೆ. ಮುಗಿದ ರೀತಿಯ ಬಗ್ಗೆ ನನಗೆ ಸಮಾಧಾನವಿಲ್ಲ.

ಹತ್ತಿಬೀಜದ ವಿಷಯದಲ್ಲಿ ಈ ಸೀಮೆ ಕೇವಲ ಗಿರಾಕಿಯಲ್ಲ. ಹಾವೇರಿ ಜಿಲ್ಲೆ 1997ರವರೆಗೂ ಧಾರವಾಡ ಜಿಲ್ಲೆಯ ಭಾಗವಾಗಿತ್ತು. ಆ ಧಾರವಾಡದ ಸರ್ಕಾರಿ ಸಂಶೋಧನಾ ಕೇಂದ್ರದಿಂದಲೇ 1972ರಲ್ಲಿ ವರಲಕ್ಷ್ಮಿ ಎಂಬ ಹತ್ತಿಯ ಹೈಬ್ರಿಡ್ ಹೊರಬಂದಿತು. ಅನಂತರ ಬಂದ ಡಿಸಿಎಚ್-32, ಅಂದರೆ ಜಯಲಕ್ಷ್ಮಿ, ಇಲ್ಲಿಯ ಎರೆಹೊಲಗಳ ಮನೆಮಾತಾಯಿತು. ಸಾರ್ವಜನಿಕ ಹಣದಿಂದ ಸಿದ್ಧವಾದ ತಳಿಗಳಿವು. ಇವುಗಳ ಬೀಜೋತ್ಪಾದನೆಯನ್ನು ಇಲ್ಲಿನ ಕುಟುಂಬಗಳು ಕೈಯಾರೆ ಕಲಿತವು. ನಾಳೆ ಅರಳಲಿರುವ ಮೊಗ್ಗಿನ ಕೇಸರಗಳನ್ನು ಇಂದು ಸಂಜೆಯೇ ಬಿಡಿಸಿ ತೆಗೆಯಬೇಕು; ಮರುದಿನ ಬೆಳಿಗ್ಗೆ ಗಂಡು ಸಾಲಿನ ಹೂವನ್ನು ತಂದು ಅದಕ್ಕೆ ಸವರಬೇಕು. ಊರವರು ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಹೈಬ್ರಿಡ್ ಹತ್ತಿಯ ಪ್ರತಿಯೊಂದು ಬೀಜದ ಹಿಂದೆಯೂ ಒಬ್ಬರ ಬೆರಳುಗಳ ಕೆಲಸವಿರುತ್ತದೆ.

2002ರ ಮಾರ್ಚಿನಲ್ಲಿ ಕೇಂದ್ರವು ಬಿಟಿ ಹತ್ತಿಗೆ ಅನುಮತಿ ನೀಡಿದ ಮೇಲೆ ಚಿತ್ರ ಬದಲಾಯಿತು. ಕಾಯಿಕೊರಕವನ್ನು ತಡೆಯುವ ಜೀನಿನ ಒಡೆತನ ಅಮೆರಿಕದ ಮಾನ್ಸಾಂಟೊ ಕಂಪನಿಯದು. ಭಾರತದಲ್ಲಿ ಅದನ್ನು ಇತರರಿಗೆ ನೀಡುವ ಹಕ್ಕು ಮಹಿಕೋ ಮಾನ್ಸಾಂಟೊ ಬಯೋಟೆಕ್ ಎಂಬ ಜಂಟಿ ಕಂಪನಿಯದು. ಬೀಜ ಕಂಪನಿಗಳು ಈ ಜಂಟಿ ಕಂಪನಿಯಿಂದ ಲೈಸೆನ್ಸ್ ಪಡೆದು, ತಮ್ಮ ಹೈಬ್ರಿಡ್‌ಗಳಲ್ಲಿ ಆ ಜೀನನ್ನು ಸೇರಿಸಿ ಮಾರುತ್ತಿದ್ದವು. ಪ್ರತಿ ಪ್ಯಾಕೆಟ್ಟಿಗೂ ಇಂತಿಷ್ಟು ರಾಯಧನ ಕಟ್ಟುತ್ತಿದ್ದವು. ರೈತನ ಕಣ್ಣಿಗೆ ಕಾಣುತ್ತಿದ್ದುದು ಅಂಗಡಿಯ ತುಂಬ ಬಣ್ಣಬಣ್ಣದ ಹತ್ತಾರು ಬ್ರಾಂಡುಗಳು, ಅಂದರೆ ಧಾರಾಳ ಸ್ಪರ್ಧೆ. ಒಳಗಿದ್ದ ಜೀನು ಮಾತ್ರ ಬಹುಪಾಲು ಒಂದೇ ಮೂಲದ್ದು.

ಇದನ್ನು ಮೊದಲು ಪ್ರಶ್ನಿಸಿದ್ದು ಆಂಧ್ರಪ್ರದೇಶ ಸರ್ಕಾರ. 2006ರಲ್ಲಿ ಅದು ಅಂದಿನ ಏಕಸ್ವಾಮ್ಯ ಮತ್ತು ನಿರ್ಬಂಧಿತ ವ್ಯಾಪಾರ ಪದ್ಧತಿಗಳ ಆಯೋಗದ ಮೊರೆಹೋಯಿತು. 450 ಗ್ರಾಂ ಪ್ಯಾಕೆಟ್ಟಿನ ಬೆಲೆ ಆಗ 1,600 ರೂಪಾಯಿಗಳನ್ನು ದಾಟಿತ್ತು. ಅದರಲ್ಲಿ ರಾಯಧನದ ಪಾಲೇ 900 ರೂಪಾಯಿ. ಇಷ್ಟು ವಸೂಲಿ ಮಾಡಕೂಡದು, ಚೀನಾದಂತಹ ನೆರೆಯ ದೇಶಗಳಲ್ಲಿರುವಂತೆ ನ್ಯಾಯಯುತ ದರ ಗೊತ್ತುಮಾಡಿ ಎಂದು ಆಯೋಗ ಅದೇ ವರ್ಷದ ಮೇ ತಿಂಗಳಲ್ಲಿ ಮಧ್ಯಂತರ ಆದೇಶ ನೀಡಿತು. ಆಂಧ್ರ ಸರ್ಕಾರ 750 ರೂಪಾಯಿಗಳ ಗರಿಷ್ಠ ಬೆಲೆ ನಿಗದಿಪಡಿಸಿತು. ಬೇರೆ ರಾಜ್ಯಗಳೂ ಅದೇ ದಾರಿ ಹಿಡಿದವು. ಬೆಲೆ ಒಂದೇ ಹಂಗಾಮಿನಲ್ಲಿ ಅರ್ಧಕ್ಕೂ ಕೆಳಗೆ ಇಳಿದರೂ ಬೀಜದ ವ್ಯಾಪಾರವೇನೂ ನಿಂತುಹೋಗಲಿಲ್ಲ. ಹಾಗಾದರೆ ಅದಕ್ಕೆ ಮುಂಚಿನ ಬೆಲೆಯಲ್ಲಿ ತಂತ್ರಜ್ಞಾನದ ಮೌಲ್ಯವೆಷ್ಟು, ಪೈಪೋಟಿ ಇಲ್ಲದಿರುವುದರ ಮೌಲ್ಯವೆಷ್ಟು? ನನ್ನ ವೃತ್ತಿಯೆಲ್ಲ ಸುತ್ತುವುದು ಈ ಪ್ರಶ್ನೆಯ ಸುತ್ತ.

ಈ ಕೆಲಸದಲ್ಲಿ ಸಿನಿಮಾದ ವಾದವೈಖರಿಗೆ ಜಾಗ ಕಡಿಮೆ. ‘ಇಲ್ಲಿ ಮಾರುಕಟ್ಟೆ ಎಂದರೆ ಯಾವುದು?’ ಎಂಬ ಒಂದೇ ಪ್ರಶ್ನೆಗೆ ತಿಂಗಳುಗಟ್ಟಲೆ ಕಾಗದಗಳನ್ನು ಜಾಲಾಡಬೇಕಾಗುತ್ತದೆ. ಕಂಪನಿ ಪ್ರಬಲವೋ ಅಲ್ಲವೋ ಎಂಬುದು ಗೆರೆಯನ್ನು ಎಲ್ಲಿ ಎಳೆಯುತ್ತೇವೆ ಎಂಬುದರ ಮೇಲೆ ನಿಂತಿದೆ. ಹತ್ತಿಬೀಜವೆಲ್ಲ ಒಂದೇ ಮಾರುಕಟ್ಟೆ ಎಂದರೆ ಹಳೆಯ ಜಯಲಕ್ಷ್ಮಿಯೂ ಒಬ್ಬ ಪ್ರತಿಸ್ಪರ್ಧಿ. ಬಿಟಿ ತಂತ್ರಜ್ಞಾನವೇ ಪ್ರತ್ಯೇಕ ಮಾರುಕಟ್ಟೆ ಎಂದರೆ ಅಲ್ಲಿ ಎದುರಾಳಿಗಳನ್ನು ಹುಡುಕಬೇಕು. ಕಂಪನಿಯ ಪರ ನಿಂತ ಚತುರ ವಕೀಲ ಹಿರೇಕೆರೂರನ್ನೇ ಸಾಕ್ಷಿಗೆ ಕರೆಯಬಲ್ಲ: ‘ನೋಡಿ, ಒಂದು ಕಾಲಕ್ಕೆ ಹತ್ತಿ ತುಂಬಿದ್ದ ಈ ಹೊಲಗಳಲ್ಲಿ ಇಂದು ಗೋವಿನಜೋಳ ನಿಂತಿದೆ. ಬೀಜದ ಬೆಲೆ ಒಗ್ಗದಿದ್ದರೆ ರೈತನಿಗೆ ಬೇರೆ ದಾರಿ ಇದ್ದೇ ಇದೆ, ಏಕಸ್ವಾಮ್ಯವೆಲ್ಲಿ ಬಂತು?’

ಕೇಳಲು ಸೊಗಸಾದ ವಾದ. ಆದರೆ ಇಲ್ಲಿಯ ರೈತ ಹತ್ತಿ ಬಿಟ್ಟದ್ದು ಬೀಜದ ದರವನ್ನೊಂದೇ ನೋಡಿ ಅಲ್ಲ. ಹತ್ತಿ ಬಿಡಿಸುವ ಕೂಲಿ, ಕೈಕೊಡುವ ಮಳೆ, ಔಷಧಿಯ ಖರ್ಚು, ಬಿಟಿಗೂ ಜಗ್ಗದೆ ತಿರುಗಿಬಿದ್ದ ಗುಲಾಬಿ ಕಾಯಿಕೊರಕ, ಕೋಳಿ ಆಹಾರದ ಉದ್ಯಮದಿಂದ ಗೋವಿನಜೋಳಕ್ಕೆ ಹುಟ್ಟಿದ ಬೇಡಿಕೆ ಎಲ್ಲವೂ ಅದರಲ್ಲಿ ಸೇರಿವೆ. ಬೇಸತ್ತು ಬೆಳೆಯನ್ನೇ ಬಿಡುವುದು ಒಂದು, ಎರಡು ಅಂಗಡಿಗಳ ನಡುವೆ ಅಗ್ಗದ್ದನ್ನು ಆರಿಸಿಕೊಳ್ಳುವುದು ಇನ್ನೊಂದು. ಸ್ಪರ್ಧಾ ಕಾನೂನು ಕಾಪಾಡಬೇಕಾದದ್ದು ಎರಡನೆಯದನ್ನು.

ಮಾರುಕಟ್ಟೆಯ ಗೆರೆಯನ್ನು ಸ್ಪರ್ಧಾ ಆಯೋಗ ಸರಿಯಾದ ಜಾಗದಲ್ಲೇ ಎಳೆಯಿತೆಂದು ನನ್ನ ಅಭಿಪ್ರಾಯ. 2002ರ ಸ್ಪರ್ಧಾ ಕಾಯ್ದೆಯ ಮುಖ್ಯ ನಿಯಮಗಳು ಜಾರಿಗೆ ಬಂದದ್ದು 2009ರ ಮೇ ತಿಂಗಳಲ್ಲಿ. ಹಳೆಯ ಆಯೋಗ ಇತಿಹಾಸಕ್ಕೆ ಸೇರಿತು. 2015ರಲ್ಲಿ ಹೈದರಾಬಾದಿನ ನುಜಿವೀಡು ಸೀಡ್ಸ್ ಕಂಪನಿ ರಾಯಧನದ ಜಗಳದಲ್ಲಿ ಹೊಸ ಆಯೋಗಕ್ಕೆ ದೂರು ಕೊಟ್ಟಿತು. ಕೇಂದ್ರ ಕೃಷಿ ಸಚಿವಾಲಯವೂ ವಿಷಯವನ್ನು ಆಯೋಗಕ್ಕೆ ಒಪ್ಪಿಸಿತು. 2016ರ ಫೆಬ್ರುವರಿ 10ರ ಆದೇಶದಲ್ಲಿ ಆಯೋಗ ಬಿಟಿ ತಂತ್ರಜ್ಞಾನವನ್ನು ಒದಗಿಸುವುದು ಒಂದು ಮಾರುಕಟ್ಟೆ, ಬಿಟಿ ಬೀಜವನ್ನು ತಯಾರಿಸಿ ಮಾರುವುದು ಇನ್ನೊಂದು ಮಾರುಕಟ್ಟೆ ಎಂದು ಬೇರ್ಪಡಿಸಿತು. ಮೊದಲನೆಯದರಲ್ಲಿ ಮಾನ್ಸಾಂಟೊ ಸಮೂಹ ಮೇಲ್ನೋಟಕ್ಕೆ ಪ್ರಬಲ ಸ್ಥಾನದಲ್ಲಿದೆ, ಪ್ರತಿಸ್ಪರ್ಧಿ ತಂತ್ರಜ್ಞಾನದತ್ತ ಹೊರಳುವ ಕಂಪನಿಗಳನ್ನು ಕಟ್ಟಿಹಾಕುವ ಷರತ್ತುಗಳು ಒಪ್ಪಂದದಲ್ಲಿವೆ ಎಂದು ಹೇಳಿ ತನಿಖೆಗೆ ಆದೇಶಿಸಿತು. ಮರು ತಿಂಗಳೇ ಕೇಂದ್ರ ಸರ್ಕಾರ ಬೆಲೆ ನಿಯಂತ್ರಣ ಆದೇಶದಡಿ ಎರಡನೆಯ ತಲೆಮಾರಿನ ಬಿಟಿ ಪ್ಯಾಕೆಟ್ಟಿಗೆ 800 ರೂಪಾಯಿ, ಅದರಲ್ಲಿ ರಾಯಧನ 49 ರೂಪಾಯಿ ಎಂದು ಗೊತ್ತುಪಡಿಸಿತು. ಹತ್ತು ವರ್ಷಗಳ ಹಿಂದೆ 900 ಇದ್ದದ್ದು 49 ಆಯಿತು.

ಮುಂದಿನದು ಕಕ್ಷಿದಾರರನ್ನು ಬಿಟ್ಟು ಕಾನೂನುಗಳೇ ಪರಸ್ಪರ ಹೂಡಿದ ವ್ಯಾಜ್ಯ. ಪೇಟೆಂಟ್ ಇರುವ ವಸ್ತುವಿನ ಲೈಸೆನ್ಸ್ ಷರತ್ತುಗಳನ್ನು ಪರಿಶೀಲಿಸಲು ಸ್ಪರ್ಧಾ ಆಯೋಗಕ್ಕೆ ಅಧಿಕಾರವಿದೆಯೇ? ಇದೆ ಎಂದು 2020ರ ಮೇ ತಿಂಗಳಲ್ಲಿ ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. 2021ರ ಮಾರ್ಚಿನಲ್ಲಿ ನುಜಿವೀಡು ಮತ್ತು ಮಾನ್ಸಾಂಟೊ ತಮ್ಮ ನಡುವಣ ವಿವಾದಗಳನ್ನೆಲ್ಲ ರಾಜಿ ಮಾಡಿಕೊಂಡವು. 2023ರ ಜುಲೈನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ, ಮೊಬೈಲ್ ಫೋನ್ ಪೇಟೆಂಟುಗಳ ಎರಿಕ್ಸನ್ ಪ್ರಕರಣದ ಜೊತೆಯಲ್ಲೇ, ಇಂತಹ ವಿಷಯಕ್ಕೆ ಪೇಟೆಂಟ್ ಕಾಯ್ದೆಯೇ ವಿಶೇಷ ಕಾನೂನು, ಆಯೋಗ ಕೈಹಾಕುವಂತಿಲ್ಲ ಎಂದು ತೀರ್ಪಿತ್ತಿತು. ಆಯೋಗದ ಮೇಲ್ಮನವಿಯನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ವಜಾಗೊಳಿಸಿತು. ಪ್ರಾಬಲ್ಯದ ದುರುಪಯೋಗ ನಡೆದಿತ್ತೇ ಇಲ್ಲವೇ? ಆ ಪ್ರಶ್ನೆಗೆ ಉತ್ತರ ಬರೆಯುವ ಅವಕಾಶವೇ ಯಾರಿಗೂ ಒದಗಲಿಲ್ಲ. ಆರೋಪ ಹೊತ್ತ ಕಂಪನಿಗೂ ಇದು ನಿರ್ದೋಷಿ ಎಂಬ ತೀರ್ಪಲ್ಲ.

ಆ ಪ್ರಕರಣದಲ್ಲಿ ನಾನು ಯಾರ ಪರವಾಗಿಯೂ ವಕಾಲತ್ತು ವಹಿಸಿದವನಲ್ಲ. ಹಾಗಾಗಿ ಇದನ್ನು ಊರಲ್ಲಿ ಹೇಳಲು ಸಂಕೋಚವಿರಲಿಲ್ಲ. ಕಥೆಯನ್ನೆಲ್ಲ ಕೇಳಿಸಿಕೊಂಡ ಹಿರಿಯ ರೈತರೊಬ್ಬರು ಕೇಳಿದರು: ‘ಅಲ್ರೀ ವಕೀಲ್ರ, ಅವರಿಬ್ಬರೂ ರಾಜಿ ಆದ್ರು, ಸರಿ. ರೊಕ್ಕ ಕೊಟ್ಟಾವ್ರು ನಾವು. ನಮ್ಮನ್ನ ಯಾರರ ಕೇಳಿದ್ರೇನ್ರಿ?’

ಯಾರೂ ಕೇಳಿರಲಿಲ್ಲ. ಈ ಕಾನೂನಿನ ವಿಚಿತ್ರ ಇಲ್ಲಿದೆ. ಕಾಗದದ ಮೇಲೆ ಇದರ ಬಾಗಿಲು ಬಹಳ ಅಗಲ. ಆಯೋಗಕ್ಕೆ ಮಾಹಿತಿ ನೀಡಲು ಸ್ವಂತಕ್ಕೆ ಹಾನಿಯಾಗಿರಬೇಕೆಂದಿಲ್ಲ. ಯಾರು ಬೇಕಾದರೂ ಕೊಡಬಹುದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಸಮೀರ್ ಅಗರವಾಲ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ರೈತರ ಸಂಘವೂ ಕೊಡಬಹುದು, ಸಹಕಾರಿ ಸಂಘವೂ ಕೊಡಬಹುದು. ಆದರೆ ಆಯೋಗ ದಂಡ ಹಾಕಿದರೆ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ. ಹೆಚ್ಚು ಬೆಲೆ ತೆತ್ತವನಿಗೆ ಪರಿಹಾರ ಬೇಕಿದ್ದರೆ, ಉಲ್ಲಂಘನೆ ಸಾಬೀತಾದ ಮೇಲೆ ಆತ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಗೆ ಬೇರೆಯೇ ಅರ್ಜಿ ಹಾಕಬೇಕು. ಎರಡು ಎಕರೆಯ ರೈತ ಎರಡು ಪ್ಯಾಕೆಟ್ಟಿನ ಹೆಚ್ಚುವರಿ ಬೆಲೆಗಾಗಿ ದೆಹಲಿಯವರೆಗೆ ಹೋಗುತ್ತಾನೆಯೇ? ಹೀಗಾಗಿ ಈ ಕಾನೂನನ್ನು ಬಳಸಿಕೊಳ್ಳುವವರು ಹೆಚ್ಚಾಗಿ ಕಂಪನಿಗಳೇ. ಕಂಪನಿಯ ಪ್ರತಿಸ್ಪರ್ಧಿಯ ದೂರಿನ ಬಂಡಿಗೆ ಸಾರ್ವಜನಿಕ ಹಿತವನ್ನು ಕಟ್ಟಿದ್ದೇವೆ. ಆತ ಬಂಡಿ ನಿಲ್ಲಿಸಿದಲ್ಲಿ ಅದೂ ನಿಲ್ಲುತ್ತದೆ. 2023ರ ತಿದ್ದುಪಡಿಯಿಂದ, ಪ್ರಾಬಲ್ಯದ ದುರುಪಯೋಗದ ಪ್ರಕರಣಗಳಲ್ಲಿ ಆಯೋಗದ ಮುಂದೆಯೇ ಇತ್ಯರ್ಥಕ್ಕೆ ಬರಲು, ಅದಕ್ಕೆ ಮೊದಲು ಇತರರ ಆಕ್ಷೇಪಗಳನ್ನು ಆಹ್ವಾನಿಸಲು ಅವಕಾಶವಾಗಿದೆ. ಬೀಜದ ವ್ಯಾಜ್ಯಕ್ಕೆ ಅದು ತಡವಾಗಿ ಬಂತು.

ಪೇಟೆಂಟಿಗೆ ಬೆಲೆಯೇ ಇರಬಾರದೆಂದು ನಾನು ವಾದಿಸುತ್ತಿಲ್ಲ. ರಾಯಧನವನ್ನು ಸರ್ಕಾರವೇ ಕತ್ತರಿಸುತ್ತ ಹೋದರೆ ಹೊಸ ತಂತ್ರಜ್ಞಾನ ತರುವವರು ಹಿಂಜರಿಯುತ್ತಾರೆಂಬ ಕಂಪನಿಗಳ ಮಾತಿನಲ್ಲಿ ಹುರುಳಿದೆ. ಕಾಯಿಕೊರಕ ಬಿಟಿಯನ್ನು ಅರಗಿಸಿಕೊಂಡ ಮೇಲೂ ಅದಕ್ಕಿಂತ ಮುಂದಿನ ತಲೆಮಾರಿನ ಬಿಟಿ ಬೀಜ ನಮ್ಮ ಅಂಗಡಿಗಳಿಗೆ ಬಂದಿಲ್ಲ. ಆದರೆ ಬೆಲೆ ನಿಯಂತ್ರಣ ಎಂಬ ಕೊಡಲಿ ಎತ್ತಬೇಕಾದದ್ದೇ ಪೈಪೋಟಿ ಇಲ್ಲದ್ದರಿಂದ. ಪೈಪೋಟಿ ಹುಟ್ಟಬಹುದಾಗಿದ್ದ ಒಂದು ಜಾಗ ಮತ್ತೆ ಧಾರವಾಡವೇ. ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಸೇರಿ ‘ಬಿಕಾನೇರಿ ನರ್ಮಾ’ ಎಂಬ ಸಾರ್ವಜನಿಕ ಬಿಟಿ ತಳಿಯನ್ನು ಸಿದ್ಧಪಡಿಸಿದ್ದವು. ಅದು ಹೈಬ್ರಿಡ್ ಅಲ್ಲ. ಬೀಜ ಕಟ್ಟಿಟ್ಟುಕೊಂಡು ಮರುವರ್ಷ ಬಿತ್ತಬಹುದಿತ್ತು. 2008ರಲ್ಲಿ ಅನುಮತಿ ಸಿಕ್ಕಿತು, 2009ರಲ್ಲಿ ರೈತರ ಕೈಸೇರಿತು. ಅಷ್ಟರಲ್ಲೇ ಅದರೊಳಗೆ ಮಾನ್ಸಾಂಟೊದ ಜೀನು ಬೆರೆತಿರುವ ಸಂಗತಿ ಹೊರಬಿದ್ದು ವಿತರಣೆ ನಿಂತಿತು. ಸೋಪೋರಿ ಸಮಿತಿಯ ತನಿಖೆಯೂ ಅದನ್ನೇ ಹೇಳಿತು. ವರಲಕ್ಷ್ಮಿಯನ್ನು ಕೊಟ್ಟ ಊರಿನ ಹೆಸರು ಇಂಥದ್ದೊಂದು ಸೋಲಿನ ಜೊತೆಗೂ ಸೇರಿಕೊಂಡಿತು. ಮಾರುಕಟ್ಟೆಯಲ್ಲಿ ಎರಡನೆಯ ಅಂಗಡಿಯೇ ಇಲ್ಲದಿದ್ದರೆ ವಕೀಲ ಎಷ್ಟು ವಾದಿಸಿದರೂ ಅದು ತೆರೆದುಕೊಳ್ಳುವುದಿಲ್ಲ.

ಈಚೆಗೆ ನನ್ನನ್ನು ಹೆಚ್ಚು ಕಾಡುತ್ತಿರುವುದು ಬೀಜ ಕೊಳ್ಳುವ ರೈತನಿಗಿಂತ ಬೀಜ ಬೆಳೆಯುವ ರೈತ. ರಾಣೇಬೆನ್ನೂರು, ಹಿರೇಕೆರೂರು ಕಡೆ ಕ್ರಾಸಿಂಗ್ ಕೆಲಸ ಇಂದಿಗೂ ಉಂಟು. ಮೂಲಬೀಜ ಕಂಪನಿಯದು, ದರ ಕಂಪನಿಯದು, ನಡುವೆ ಊರಿನ ಏಜೆಂಟ. ಬೆಳೆದ ಬೀಜದ ತಳಿಶುದ್ಧತೆಯ ಪರೀಕ್ಷೆಯೂ ಕಂಪನಿಯ ಕಡೆಯಿಂದಲೇ. ಫಲಿತಾಂಶ ಬರುವವರೆಗೆ ತಿಂಗಳುಗಟ್ಟಲೆ ಪೂರ್ತಿ ಹಣ ಕೈಗೆ ಬರುವುದಿಲ್ಲ. ‘ಫೇಲ್’ ಎಂದರೆ ಮರುಪರೀಕ್ಷೆ ಕೇಳುವ ಧೈರ್ಯ ಯಾರಿಗೂ ಇಲ್ಲ, ಮುಂದಿನ ಹಂಗಾಮಿಗೆ ಮೂಲಬೀಜ ಬೇಕಲ್ಲ. ಮಾರುವವನ ಪ್ರಾಬಲ್ಯದಂತೆ ಕೊಳ್ಳುವವನ ಪ್ರಾಬಲ್ಯವೂ ಸ್ಪರ್ಧಾ ಕಾಯ್ದೆಯ ನಾಲ್ಕನೆಯ ಕಲಮಿನ ವ್ಯಾಪ್ತಿಗೆ ಬರುತ್ತದೆ. ಅನ್ಯಾಯದ ಖರೀದಿ ದರವೆಂಬ ಮಾತು ಅಲ್ಲಿಯೇ ಇದೆ. ಆದರೆ ಕೊಳ್ಳುವ ಕಂಪನಿಗಳು ಹಲವಿರುವಾಗ ಒಂದನ್ನೇ ಪ್ರಬಲ ಎನ್ನುವುದು ಕಷ್ಟ. ಆಗ ಉಳಿಯುವುದು ಮೂರನೆಯ ಕಲಮು: ಕೊಳ್ಳುವವರು ತಮ್ಮೊಳಗೆ ಮಾತಾಡಿಕೊಂಡು ದರ ಕಟ್ಟಿದ್ದು ತೋರಿಬಂದರೆ ಸ್ಪರ್ಧೆಗೆ ಹಾನಿಯಾಗಿದೆ ಎಂದು ಕಾನೂನೇ ಭಾವಿಸಿಕೊಳ್ಳುತ್ತದೆ. ಇಲ್ಲಿ ಅಂಥ ಒಪ್ಪಂದವಿದೆ ಎಂದು ನಾನು ಆರೋಪಿಸುತ್ತಿಲ್ಲ. ಇದೆಯೋ ಇಲ್ಲವೋ ಎಂದು ನೋಡಲು ಬೇಕಾದ ಕಾಗದಗಳೇ ಯಾರ ಬಳಿಯೂ ಇಲ್ಲ.

ಮೂಲಬೀಜ ಪಡೆದ ದಿನಾಂಕ, ತೂಕದ ಚೀಟಿ, ಹೇಳಿದ ದರ, ಕೈಗೆ ಬಂದ ದರ, ಪರೀಕ್ಷೆಯ ಫಲಿತಾಂಶ, ಹಣ ಬಂದ ದಿನ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ ಎಂದು ಊರಿಗೆ ಹೋದಾಗಲೆಲ್ಲ ಹೇಳುತ್ತಿದ್ದೇನೆ. ಮಾಹಿತಿದಾರನ ಹೆಸರನ್ನು ಗೋಪ್ಯವಾಗಿಡುವಂತೆ ಆಯೋಗವನ್ನು ಕೋರಬಹುದೆಂದೂ ತಿಳಿಸಿದ್ದೇನೆ. ಬೇರೆ ಬೇರೆ ಹಳ್ಳಿಗಳ, ಬೇರೆ ಬೇರೆ ಕಂಪನಿಗಳಿಗೆ ಬೆಳೆಯುವ ನಲವತ್ತು ಐವತ್ತು ಮನೆಗಳ ಮೂರು ಹಂಗಾಮಿನ ಲೆಕ್ಕ ಸಿಕ್ಕರೆ ದರಗಳು ಒಂದೇ ದಿನ ಒಂದೇ ಅಳತೆಯಲ್ಲಿ ಬದಲಾಗುತ್ತವೆಯೇ ಎಂಬುದು ಗೊತ್ತಾಗುತ್ತದೆ. ಕಳೆದ ಬಾರಿ ಹೋದಾಗ ಏಳು ಮನೆಯವರು ಬರೆದಿಟ್ಟಿದ್ದರು. ಅವುಗಳಲ್ಲಿ ಎರಡು ನೋಟ್‌ಬುಕ್ಕುಗಳಲ್ಲಿ ದರದ ಅಂಕಣ ಖಾಲಿ ಇತ್ತು. ಏಜೆಂಟ ಇನ್ನೂ ಹೇಳಿರಲಿಲ್ಲವಂತೆ.