ಎತ್ತಿಗೆ ಸುಳಿ ನೋಡುವವರು ಜಮೀನಿಗೆ ಕಾಗದ ನೋಡಬೇಡವೇ?

ಜಾತ್ರೆಯಲ್ಲಿ ಒಂದು ಜೊತೆ ಎತ್ತು ಕೊಳ್ಳುವಾಗ ನೀವು ಹಲ್ಲು ನೋಡುತ್ತೀರಿ, ಸುಳಿ ನೋಡುತ್ತೀರಿ, ನೊಗ ಹೂಡಿ ನಾಲ್ಕು ಹೆಜ್ಜೆ ನಡೆಸುತ್ತೀರಿ. ಅದೇ ಎರಡೆಕರೆ ಜಮೀನು ಕೊಳ್ಳುವಾಗ ಮಣ್ಣು ಮುಟ್ಟಿ, ಬಾವಿ ಇಣುಕಿ, ಮುಂಗಡ ಕೊಟ್ಟು ಬಂದುಬಿಡುತ್ತೀರಿ. ಮಣ್ಣಿನ ಗುಣ ಹೇಳುವುದು ನನ್ನ ಕೆಲಸ, ಕಾಗದದ ಮಾತು ವಕೀಲರದು. ಆದರೂ ಹಳ್ಳಿ ಸುತ್ತುವಾಗ ಕಣ್ಣಿಗೆ ಬಿದ್ದುದನ್ನು ಹೇಳದಿರಲು ಮನಸ್ಸಾಗದು.

ಹನಿ ನೀರಾವರಿಯ ಸಹಾಯಧನಕ್ಕೆಂದು ಒಬ್ಬ ರೈತರು ನನ್ನಲ್ಲಿಗೆ ಬಂದಿದ್ದರು. ಜಮೀನು ಕೊಂಡು ಐದು ವರ್ಷವಾಗಿತ್ತು, ಹಣ ಪೂರ್ತಿ ಸಂದಿತ್ತು, ದಾಳಿಂಬೆ ಗಿಡಗಳೂ ಎದ್ದಿದ್ದವು. ಪಹಣಿಯಲ್ಲಿ ಮಾತ್ರ ಮಾರಿದವನ ತಂದೆಯ ಹೆಸರೇ ಇತ್ತು. ಕೈಯಲ್ಲಿದ್ದುದು ಛಾಪಾ ಕಾಗದದ ಮೇಲೆ ಬರೆದ ಒಂದು ಕರಾರು. ಮಾರಿದವರು ತೀರಿಕೊಂಡಿದ್ದರು. ಅವರ ತಂಗಿಯರಿಬ್ಬರು, 'ನಮ್ಮ ಪಾಲನ್ನು ನಾವು ಮಾರಿಲ್ಲ' ಎಂದು ನಿಂತಿದ್ದರು. ನಾನು ಅರ್ಜಿ ತೆಗೆದುಕೊಳ್ಳುವಂತಿರಲಿಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ ನೂರು ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದಿಂದಲೇ ಆಗಬೇಕು. ಕರಾರು ಪತ್ರ ನಿಮ್ಮನ್ನು ಒಡೆಯರನ್ನಾಗಿ ಮಾಡುವುದಿಲ್ಲ. ಕ್ರಯಪತ್ರ ಮಾಡಿಕೊಡಿ ಎಂದು ಕೇಳುವ ಹಕ್ಕನ್ನು ಮಾತ್ರ ಕೊಡುತ್ತದೆ. ಅದಕ್ಕೂ ಗಡುವಿನ ದಿನದಿಂದ, ಗಡುವು ಬರೆದಿಲ್ಲವಾದರೆ ಮಾರುವವರು ಒಲ್ಲೆನೆಂದದ್ದು ತಿಳಿದ ದಿನದಿಂದ, ಮೂರು ವರ್ಷದೊಳಗೆ ದಾವಾ ಹೂಡಬೇಕು. ಜಿ.ಪಿ.ಎ. ಬರೆಸಿಕೊಂಡರೆ ಸಾಕೆಂಬ ಮಾತನ್ನೂ ನಂಬಬೇಡಿ. ಅದು ಮಾರಾಟವಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲೇ ಹೇಳಿದೆ.

ಹಾಗಾದರೆ ಮೊದಲು ಏನು ನೋಡಬೇಕು? ಪಹಣಿ. ಒಂದು ವರ್ಷದ್ದಲ್ಲ, ಹಿಂದಿನ ವರ್ಷಗಳದ್ದೂ ತೆಗೆಸಿ. 9ನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು, 10ರಲ್ಲಿ ಅದು ಅವರಿಗೆ ಬಂದ ಬಗೆ, 11ರಲ್ಲಿ ಇತರರ ಹಕ್ಕು ಮತ್ತು ಸಾಲ ಇರುತ್ತದೆ. ಬ್ಯಾಂಕು, ಸೊಸೈಟಿ ಸಾಲ ಇಲ್ಲಿ ಕಂಡರೆ ತೀರುವಳಿ ಪತ್ರ ಬರುವ ತನಕ ಹಣ ಬಿಚ್ಚಬೇಡಿ. ಆಮೇಲೆ ಋಣಭಾರ ಪತ್ರ. ಇದು ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆಂಬುದು ನೆನಪಿರಲಿ. ಕೈಸಾಲಕ್ಕೆಂದು ಗುಟ್ಟಾಗಿ ಬರೆದುಕೊಟ್ಟ ಕರಾರು ಅದರಲ್ಲಿ ಬರುವುದಿಲ್ಲ. ಅದನ್ನು ಊರಿನ ಕಟ್ಟೆಯ ಮೇಲೆ ಕೂತು ವಿಚಾರಿಸಿಯೇ ತಿಳಿಯಬೇಕು.

ಪಿತ್ರಾರ್ಜಿತ ಜಮೀನಾದರೆ ವಂಶವೃಕ್ಷ ಕೇಳಿ. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಷ್ಟೇ ಹಕ್ಕು. ತಂದೆ ಅದಕ್ಕೂ ಮೊದಲೇ ತೀರಿದ್ದರೂ ಈ ಹಕ್ಕು ಉಂಟೆಂದು ಸುಪ್ರೀಂ ಕೋರ್ಟು 2020ರಲ್ಲಿ ತೀರ್ಪಿತ್ತಿದೆ. 'ಮದುವೆಯಲ್ಲಿ ಚಿನ್ನ ಕೊಟ್ಟಾಗಿದೆ, ಅಕ್ಕ ತಂಗಿಯರು ಏನೂ ಕೇಳುವುದಿಲ್ಲ' ಎಂದು ಅಣ್ಣ ಹೇಳಿದರೆ ತಲೆಯಾಡಿಸಬೇಡಿ. ಅವರೂ ಕ್ರಯಪತ್ರಕ್ಕೆ ಸಹಿ ಹಾಕಲಿ, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಕೊಡಲಿ. ಅಪ್ರಾಪ್ತ ಮಕ್ಕಳ ಹೆಸರಿನಲ್ಲಿರುವ ಜಮೀನಾದರೆ ನ್ಯಾಯಾಲಯದ ಅನುಮತಿ ಬೇಕು.

ಇನ್ನು ಮಂಜೂರಿ ಜಮೀನಿನ ವಿಚಾರ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಸರ್ಕಾರದ ಮುನ್ನನುಮತಿಯಿಲ್ಲದೆ ಕೊಂಡರೆ ಆ ಕ್ರಯ ಮೊದಲಿನಿಂದಲೂ ಅಸಿಂಧು. 1978ರ ಪಿ.ಟಿ.ಸಿ.ಎಲ್. ಕಾಯ್ದೆ ಹೀಗೆ ಹೇಳುತ್ತದೆ. ಜಮೀನನ್ನು ಮರಳಿ ಮೂಲ ಮಂಜೂರಿದಾರರಿಗೋ ಅವರ ವಾರಸುದಾರರಿಗೋ ಕೊಡಿಸುವ ಅಧಿಕಾರ ಉಪವಿಭಾಗಾಧಿಕಾರಿಗಿದೆ. ಇಷ್ಟು ವರ್ಷ ಕಳೆದ ಮೇಲೆ ಅರ್ಜಿ ನಿಲ್ಲದೆಂದು ಕೆಲವರು ಧೈರ್ಯ ಹೇಳುತ್ತಿದ್ದರು. 2023ರ ತಿದ್ದುಪಡಿ ಬಂದು ಅಂಥ ಅರ್ಜಿಗೆ ಕಾಲಮಿತಿಯೇ ಇಲ್ಲವೆಂದಿದೆ. ನಡುವೆ ನಾಲ್ಕು ಕೈ ಬದಲಾಗಿದ್ದರೂ ಕೊನೆಗೆ ಕೊಂಡವರೇ ಜಮೀನು ಬಿಡಬೇಕಾದೀತು. ಈ ಕಾಯ್ದೆಯನ್ನು ಶಪಿಸುವ ರೈತರನ್ನು ಕಂಡಿದ್ದೇನೆ. ನನ್ನ ಮಟ್ಟಿಗೆ ಅದು ನ್ಯಾಯವಾದದ್ದೇ. ಬರಗಾಲದಲ್ಲಿ ಎರಡು ಚೀಲ ರಾಗಿಗೆ ಹೊಲ ಬಿಟ್ಟುಕೊಟ್ಟವರನ್ನೂ ನಾವು ನೆನೆಯಬೇಕಲ್ಲವೇ? ಅದಕ್ಕೇ ಹಳೆಯ ಪಹಣಿ ತೆಗೆಸಿ ಎಂದದ್ದು. 'ಮಂಜೂರು' ಎಂಬ ಮಾತು ಎಲ್ಲಿ ಕಂಡರೂ ತಾಲ್ಲೂಕು ಕಚೇರಿಯಿಂದ ಮಂಜೂರಾತಿ ಆದೇಶದ ನಕಲು ಪಡೆದು, ವಕೀಲರಿಗೆ ತೋರಿಸಿ.

ಒಂದು ಸರ್ವೆ ನಂಬರಿನಲ್ಲಿ ಭಾಗ ಕೊಳ್ಳುವುದಾದರೆ 11ಇ ನಕ್ಷೆ ಬೇಕೇ ಬೇಕು. ಅಳತೆಯ ದಿನ ನೀವೂ ಅಲ್ಲಿರಿ. ಅಕ್ಕಪಕ್ಕದ ಹಿಡುವಳಿದಾರರನ್ನೂ ಕರೆಯಿರಿ. ಖರಾಬು ಎಷ್ಟು ಗುಂಟೆ, ಗಾಡಿ ದಾರಿ ಯಾರ ಹೊಲದ ಮೇಲೆ ಹಾದಿದೆ, ಬಾವಿಯಲ್ಲಿ ಮಾರುವವರ ಪಾಲೆಷ್ಟು, ಕೊಳವೆ ಬಾವಿಯ ವಿದ್ಯುತ್ ಸಂಪರ್ಕ ಯಾರ ಹೆಸರಲ್ಲಿದೆ, ಇವನ್ನೆಲ್ಲ ಕೇಳಿ ಚಕ್ಕುಬಂದಿಯ ಜೊತೆಗೆ ಕ್ರಯಪತ್ರದಲ್ಲೇ ಬರೆಸಿ. 'ಎಲ್ಲ ಹಕ್ಕು ಬಾಧ್ಯತೆ ಸಹಿತ' ಎಂದು ಪತ್ರ ಬರೆಯುವವರು ಒಂದು ಸಾಲು ಹಾಕುತ್ತಾರೆ. ದಾರಿಯ ಜಗಳಕ್ಕೆ ಅದೊಂದೇ ಸಾಲದು.

ಕ್ರಯಪತ್ರಕ್ಕೆ ಸಹಿಯಾದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಸಹಿಯ ದಿನವೇ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಲೇಸು. ಹಣವನ್ನು ಬ್ಯಾಂಕಿನ ಮೂಲಕ ಕೊಟ್ಟರೆ ಗುರುತು ಉಳಿಯುತ್ತದೆ. ನೋಂದಣಿಯೊಂದಿಗೆ ಕೆಲಸ ಮುಗಿಯಲಿಲ್ಲ. ಮ್ಯುಟೇಷನ್ ಆಗಿದೆಯೇ ಎಂದು ಗ್ರಾಮ ಆಡಳಿತಾಧಿಕಾರಿಯವರನ್ನು ಕೇಳಿ, ನಿಮ್ಮ ಹೆಸರು ಸೇರಿದ ಹೊಸ ಪಹಣಿಯನ್ನು ಕೈಗೆ ತೆಗೆದುಕೊಳ್ಳಿ. ಬೆಳೆ ಸಾಲವಿರಲಿ, ಸಹಾಯಧನವಿರಲಿ, ನಾವು ಕೇಳುವುದು ಅದನ್ನೇ.

ದಾಳಿಂಬೆಯ ಆ ರೈತರು ಕೊನೆಗೆ ತಂಗಿಯರಿಬ್ಬರ ಮನೆಗೂ ಹೋಗಿ, ಇನ್ನಷ್ಟು ಹಣ ಕೊಟ್ಟು, ಮಾರಿದವರ ಹೆಂಡತಿ ಮಕ್ಕಳನ್ನೂ ಸೇರಿಸಿ ಕ್ರಯಪತ್ರ ಮಾಡಿಸಿಕೊಂಡರು. ಆ ಹೊತ್ತಿಗೆ ಎರಡು ಬೇಸಿಗೆ ಕಳೆದು, ಅರ್ಧ ಗಿಡ ಒಣಗಿದ್ದವು.