ಬೇಸಿಗೆ ರಜೆ: ಹೊಸಪೇಟೆ ಸುತ್ತಮುತ್ತ ಮಕ್ಕಳನ್ನ ಎಲ್ಲಿಗೆ ಕರ್ಕೊಂಡು ಹೋಗೋದು, ಯಾವ ಹೊತ್ತಿಗೆ, ಏನು ತಿನ್ಸೋದು?

ಹೊಸಪೇಟೆ: ಶಾಲೆಗೆ ರಜೆ ಬಿದ್ದ ಮೇಲೆ ಊರಿನ ಬಹುಪಾಲು ಮನೆಗಳಲ್ಲಿ ಮಕ್ಕಳ ಸಂಖ್ಯೆ ಡಬಲ್ ಆಗಿರುತ್ತದೆ. ಬೆಂಗಳೂರಿನಿಂದ ಮಗಳ ಮಕ್ಕಳು, ಬಳ್ಳಾರಿಯಿಂದ ತಂಗಿ ಮಕ್ಕಳು, ಜೊತೆಗೆ ಪಕ್ಕದ ಮನೆಯವರು. ಎರಡು ದಿನ ಮೊಬೈಲ್‌ನಲ್ಲಿ ಕಳೀತದೆ, ಮೂರನೇ ದಿನ ‘ಎಲ್ಲಿಗಾದ್ರೂ ಹೋಗೋಣ’ ಅನ್ನೋ ಗಲಾಟೆ ಶುರು. ಹೋಗಲಿಕ್ಕೆ ಜಾಗಕ್ಕೇನೂ ಬರ ಇಲ್ಲ. ಜಗತ್ತೇ ಬಂದು ನೋಡುವ ಹಂಪಿ 13 ಕಿ.ಮೀ. ದೂರದಲ್ಲಿದೆ, ಡ್ಯಾಂ ಅಂತೂ ಊರ ಬಾಗಿಲಲ್ಲೇ ಇದೆ. ನಾವು ತಪ್ಪೋದು ಜಾಗದಲ್ಲಲ್ಲ, ಹೊತ್ತಿನಲ್ಲಿ.

ಮನೆಯವರೆಲ್ಲ ಸ್ನಾನ, ಪೂಜೆ, ತಿಂಡಿ ಮುಗಿಸಿ ಹೊರಡೋದು ಹತ್ತೂವರೆಗೆ. ಹಂಪಿ ತಲುಪಿದಾಗ ಹನ್ನೊಂದು ದಾಟಿರುತ್ತದೆ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ಆಸುಪಾಸು ಇರೋದು ಗೊತ್ತೇ ಇದೆ. ಅದು ನೆರಳಿನಲ್ಲಿ ಅಳೆದ ಲೆಕ್ಕ. ಹಂಪಿಯಲ್ಲಿ ನೆರಳು ಕಡಿಮೆ, ಕಲ್ಲು ಜಾಸ್ತಿ. ಬಂಡೆಗಳು ಬೆಳಗಿನಿಂದ ಕಾಯ್ದು, ಆ ಕಾವನ್ನ ಸಂಜೆ ಸೂರ್ಯ ಇಳಿದ ಮೇಲೂ ಹೊರಗೆ ಬಿಡುತ್ತಲೇ ಇರುತ್ತವೆ. ಮೇಲಿನಿಂದ ಬಿಸಿಲು, ಕೆಳಗಿನಿಂದ ಕಲ್ಲಿನ ಝಳ. ದೊಡ್ಡವರು ಹೇಗೋ ತಡ್ಕೊಳ್ತಾರೆ. ನೆಲಕ್ಕೆ ಹತ್ತಿರ ಇರೋ ಮಕ್ಕಳಿಗೆ ಆ ಝಳ ಹೆಚ್ಚು ತಾಗುತ್ತದೆ, ಅವರ ದೇಹ ಬಿಸಿ ಏರೋದೂ ಬೇಗ.

ಆರಕ್ಕೆ ಹೊರಡಿ, ಹತ್ತಕ್ಕೆ ವಾಪಸ್ ಆಗಿ

ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಹಂಪಿ ಬೇರೆಯೇ ಊರು. ವಿರೂಪಾಕ್ಷ ದೇವಸ್ಥಾನದ ಆನೆ ಲಕ್ಷ್ಮಿಯನ್ನ ಬೆಳಗ್ಗೆ ಹೊಳೆಗೆ ಸ್ನಾನಕ್ಕೆ ಕರ್ಕೊಂಡು ಹೋಗ್ತಾರೆ, ಮಕ್ಕಳಿಗೆ ಅದೊಂದೇ ಸಾಕು. ದೇವಸ್ಥಾನದ ಒಳಗೆ ಗರ್ಭಗುಡಿಯ ಹಿಂಬದಿಗೆ ಹೋದರೆ ಕತ್ತಲೆಯ ಒಂದು ಕೋಣೆ ಇದೆ. ಗೋಡೆಯ ಸಣ್ಣ ಕಿಂಡಿಯಿಂದ ಬೆಳಕು ಬಂದು, ಸುಮಾರು 50 ಮೀಟರ್ ಎತ್ತರದ ರಾಜಗೋಪುರ ಎದುರಿನ ಗೋಡೆ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಬೆಳಕು ನೇರವಾಗಿ ಚಲಿಸುವುದರಿಂದ ಗೋಪುರದ ತುದಿಯ ಬೆಳಕು ಕಿಂಡಿ ದಾಟಿ ಕೆಳಗೆ ಬೀಳುತ್ತದೆ, ಬುಡದ ಬೆಳಕು ಮೇಲೆ ಬೀಳುತ್ತದೆ, ಅಷ್ಟೇ. ಹಳೆಯ ಡಬ್ಬಿ ಕ್ಯಾಮೆರಾ ಕೆಲಸ ಮಾಡ್ತಿದ್ದದ್ದೂ ಹೀಗೇ. ವಿಜ್ಞಾನದ ಪಾಠದಲ್ಲಿ ಓದಿದ ಹುಡುಗನಿಗೆ ಇಲ್ಲಿ ಒಂದು ನಿಮಿಷದಲ್ಲಿ ಅರ್ಥ ಆಗುತ್ತದೆ.

ಪ್ರಾಂಗಣದಲ್ಲಿ ಚಪ್ಪಲಿ ಹಾಕುವ ಹಾಗಿಲ್ಲ. ಒಂಬತ್ತರ ಮೇಲೆ ಆ ಕಲ್ಲು ಹಂಚಿನ ಹಾಗೆ ಕಾಯ್ತದೆ. ಮಕ್ಕಳಿಗೆ ಒಂದೊಂದು ಜೊತೆ ಸಾಕ್ಸ್ ಚೀಲದಲ್ಲಿ ಇಟ್ಕೊಂಡ್ರೆ ಎತ್ಕೊಂಡು ಓಡೋದು ತಪ್ಪುತ್ತದೆ.

ವಿಜಯ ವಿಠ್ಠಲ ದೇವಸ್ಥಾನಕ್ಕೆ ಪುರಾತತ್ವ ಇಲಾಖೆಯ ಟಿಕೆಟ್ 40 ರೂಪಾಯಿ, 15 ವರ್ಷದ ಒಳಗಿನವರಿಗೆ ಫ್ರೀ. ಆ ಟಿಕೆಟ್ ಎಸೀಬೇಡಿ. ಅದೇ ದಿನ ಕಮಲ ಮಹಲ್-ಗಜಶಾಲೆ ಇರುವ ಆವರಣಕ್ಕೂ ಅದೇ ನಡೀತದೆ. ಹತ್ತು ಗಂಟೆಗೆ ಬಿಸಿಲು ಏರಿತು ಅನ್ನಿಸಿದರೆ ಕಮಲಾಪುರದ ಮ್ಯೂಸಿಯಂಗೆ ಹೋಗಿ ನೆರಳಲ್ಲಿ ನೋಡಬಹುದು. ಇಡೀ ಹಂಪಿಯ ಬೆಟ್ಟ, ಹೊಳೆ, ಗುಡಿ ಎಲ್ಲವನ್ನೂ ಚಿಕ್ಕದಾಗಿ ಮಾಡಿಟ್ಟ ಮಾದರಿ ಅಲ್ಲಿದೆ. ‘ನಾವು ಈಗ ಬಂದಿದ್ದು ಇಲ್ಲಿಂದ’ ಅಂತ ಮಕ್ಕಳು ಬೆರಳಿಟ್ಟು ತೋರಿಸ್ತಾರೆ. ಶುಕ್ರವಾರ ಮ್ಯೂಸಿಯಂ ರಜೆ, ನೆನಪಿರಲಿ. ಅಂಜನಾದ್ರಿ ಹತ್ತೋರು ಇದ್ದರೆ ಅದಕ್ಕೆ ಬೇರೆ ದಿನವೇ ಇಡಿ. 575 ಮೆಟ್ಟಿಲನ್ನ ಹಂಪಿ ನೋಡಿ ಸುಸ್ತಾದ ಮೇಲೆ ಹತ್ತೋದು ಬುದ್ಧಿವಂತರ ಕೆಲಸ ಅಲ್ಲ.

ತಣ್ಣಗೆ ಕಾಣೋ ನೀರೇ ಅಪಾಯ

ಗುಡಿ ನೋಡಿ ಬೆವರಿದ ಮಕ್ಕಳಿಗೆ ಹೊಳೆ ಕಂಡ ಕೂಡಲೇ ಇಳಿಯೋ ಆಸೆ. ‘ಮೊಣಕಾಲುದ್ದ ನೀರೈತಿ ಬಿಡ್ರಿ, ಆಡ್ಲಿ’ ಅಂತ ಹಿರಿಯರೇ ಬಿಡ್ತಾರೆ. ಬೇಸಿಗೆ ರಜೆಯಲ್ಲಿ ನದಿ, ಕಾಲುವೆ, ಕೆರೆಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ನಾಡಿನ ಯಾವುದಾದರೂ ಮೂಲೆಯಿಂದ ಪ್ರತಿ ವರ್ಷ ಬರುತ್ತದೆ. ಕಾರಣ ಹುಡುಗರ ತುಂಟತನ ಒಂದೇ ಅಲ್ಲ, ನೀರಿನ ಸ್ವಭಾವ ನಮಗೆ ತಿಳಿಯದೇ ಇರೋದು.

ಬೇಸಿಗೆಯಲ್ಲಿ ತುಂಗಭದ್ರೆ ಬತ್ತಿದಂತೆ ಕಾಣುತ್ತದೆ. ಆದರೆ ನದಿಯ ತಳ ಸಮತಟ್ಟಾದ ಮರಳಲ್ಲ, ಬಂಡೆ. ಸಾವಿರಾರು ವರ್ಷ ಹರಿದ ನೀರು ಬಂಡೆಯಲ್ಲಿ ಗುಂಡಿ ಕೊರೆದಿದೆ, ಬಂಡೆಗಳ ಅಡಿಯಲ್ಲಿ ಪೊಟರೆಗಳಿವೆ. ಮೊಣಕಾಲುದ್ದದ ನೀರಿನಿಂದ ಒಂದು ಹೆಜ್ಜೆ ಮುಂದಿಟ್ಟರೆ ಎರಡಾಳು ಆಳ ಇರಬಹುದು. ಮರಳು ತೆಗೆದ ಕಡೆಯೂ ಇದೇ ಕಥೆ. ಪಾಚಿ ಕಟ್ಟಿದ ಬಂಡೆ ಮೇಲೆ ಕಾಲು ನಿಲ್ಲೋದಿಲ್ಲ. ಕಿರಿದಾದ ಸಂದಿಯಲ್ಲಿ ನುಗ್ಗುವ ನೀರು ಮೇಲೆ ಶಾಂತವಾಗಿದ್ದರೂ ಕೆಳಗೆ ಎಳೆಯುತ್ತದೆ. ಕೋದಂಡರಾಮ ದೇವಸ್ಥಾನದ ಮುಂದಿನ ಚಕ್ರತೀರ್ಥದಲ್ಲಿ ನದಿ ತಿರುಗುವ ರೀತಿಯನ್ನ ದಡದಲ್ಲಿ ಕೂತು ನೋಡಿದರೂ ಇದು ಗೊತ್ತಾಗುತ್ತದೆ. ಇದರ ಮೇಲೆ ಡ್ಯಾಂನಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ಈ ಹೊಳೆಯಲ್ಲಿ ಮೊಸಳೆಗಳೂ ಇವೆ. ಡ್ಯಾಂ ಕೆಳಗಿನಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನ ಸರ್ಕಾರ 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದೆ, ಅಂದರೆ ಇದು ಕಾಡುಪ್ರಾಣಿಗಳ ಮನೆ, ನಮ್ಮ ಈಜುಕೊಳ ಅಲ್ಲ.

ಕಾಲುವೆ ಇನ್ನೂ ಮೋಸ. ವಿಜಯನಗರ ಕಾಲದ ರಾಯ, ಬಸವಣ್ಣ ಕಾಲುವೆಗಳಿರಲಿ, ಡ್ಯಾಂನ ದೊಡ್ಡ ಕಾಲುವೆಗಳಿರಲಿ, ಮನೆ ಹತ್ತಿರವೇ ಇರೋದರಿಂದ ಭಯ ಇಲ್ಲ. ಸಿಮೆಂಟ್ ಹಾಕಿದ ಕಾಲುವೆಯ ಎರಡೂ ಬದಿ ಇಳಿಜಾರು, ಅದರ ಮೇಲೆ ಪಾಚಿ. ಇಳಿಯೋದು ಸುಲಭ, ಹತ್ತೋದಕ್ಕೆ ಹಿಡಿಯಲು ಹುಲ್ಲುಕಡ್ಡಿಯೂ ಸಿಗಲ್ಲ. ಹೊಳೆಯಲ್ಲಿ ಬಂಡೆಯೋ ಮರದ ಬೇರೋ ಸಿಗಬಹುದು, ಕಾಲುವೆಯಲ್ಲಿ ನೀರು ಒಂದೇ ವೇಗದಲ್ಲಿ ಎಳ್ಕೊಂಡು ಹೋಗುತ್ತಲೇ ಇರುತ್ತದೆ. ಚೆನ್ನಾಗಿ ಈಜು ಬರೋರೂ ಇಲ್ಲಿ ಸೋತಿದ್ದಾರೆ.

ಒಬ್ಬ ಜಾರಿದ ಕೂಡಲೇ ಅಣ್ಣ ಹಾರ್ತಾನೆ, ಅಣ್ಣನ ಹಿಂದೆ ಅಪ್ಪ. ಒಂದೇ ಮನೆಯ ಇಬ್ಬರು, ಮೂವರು ಹೋಗೋದು ಹೀಗೆ. ಮುಳುಗುತ್ತಿರುವವನು ಸಿಕ್ಕಿದ್ದನ್ನ ಕೊರಳಿಗೇ ತಬ್ಬುತ್ತಾನೆ, ಕಾಪಾಡಲು ಹೋದವನ ಕೈಕಾಲು ಆಡೋದಿಲ್ಲ. ಆದ್ದರಿಂದ ಹಾರಬೇಡಿ. ದಡದಲ್ಲಿ ಮಲಗಿ ಸೀರೆ, ಲುಂಗಿ, ದುಪಟ್ಟಾ, ಉದ್ದನೆಯ ಕೋಲು, ಏನಿದೆಯೋ ಅದನ್ನ ಚಾಚಿ. ಮುಚ್ಚಳ ಹಾಕಿದ ಖಾಲಿ ಕ್ಯಾನ್ ಎಸೆದರೂ ಅದನ್ನ ತಬ್ಬಿ ತೇಲಬಹುದು. 112ಕ್ಕೆ ಫೋನ್ ಮಾಡಿ. ಮೇಲೆ ತಂದ ಮೇಲೆ ಹೊಟ್ಟೆ ಒತ್ತಿ ನೀರು ತೆಗೆಯೋದು, ತಲೆಕೆಳಗೆ ಮಾಡಿ ತಿರುಗಿಸೋದು ಬೇಡ, ಅದರಲ್ಲಿ ಅಮೂಲ್ಯ ನಿಮಿಷಗಳು ಹೋಗುತ್ತವೆ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರು ಕೊಡುವುದು, ಎದೆ ಒತ್ತುವುದು ತಕ್ಷಣ ಶುರುವಾಗಬೇಕು. ಉಸಿರು ಬಂದು ಎದ್ದು ಕೂತರೂ ಆಸ್ಪತ್ರೆಗೆ ತೋರಿಸಲೇಬೇಕು.

ಹೊಳೆ ದಂಡೆ, ಕಾಲುವೆ ಪಕ್ಕ ಅಂಗಡಿ ಇಟ್ಟವರಲ್ಲಿ ಒಂದು ವಿನಂತಿ. 20 ಲೀಟರಿನ ಒಂದು ಖಾಲಿ ಕ್ಯಾನಿಗೆ ಗಟ್ಟಿ ಹಗ್ಗ ಕಟ್ಟಿ ಅಂಗಡಿ ಮುಂದೆ ನೇತು ಹಾಕಿ. ಖರ್ಚು ಹಗ್ಗದ್ದಷ್ಟೇ. ಅನಾಹುತ ಆದಾಗ ಪೊಲೀಸರಿಗಿಂತ, ಅಗ್ನಿಶಾಮಕದವರಿಗಿಂತ ಮೊದಲು ಅಲ್ಲಿ ಇರೋರು ನೀವೇ.

ಒಗ್ಗರಣೆ, ಮಿರ್ಚಿ, ಕಬ್ಬಿನ ಹಾಲು

ಬೆಳಗಿನ ಸುತ್ತಾಟ ಮುಗಿಸಿ ಬಂದವರಿಗೆ ನಮ್ಮೂರ ತಿಂಡಿ ಯಾವುದು ಅಂತ ಬೇರೆ ಹೇಳಬೇಕಿಲ್ಲ. ಮಂಡಾಳನ್ನ ನೀರಲ್ಲಿ ಅದ್ದಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣದ ಒಗ್ಗರಣೆಗೆ ಹಾಕಿ, ಮೇಲೆ ಪುಟಾಣಿ ಪುಡಿ ಉದುರಿಸಿ ಲಿಂಬೆಹುಳಿ ಹಿಂಡಿದರೆ ಆಯ್ತು. ಬೇರೆ ಊರಿನಿಂದ ಬಂದ ಮಕ್ಕಳು ‘ಒಗ್ಗರಣೆ ಅಂದ್ರೆ ಸಾರಿಗೆ ಹಾಕೋದಲ್ವಾ?’ ಅಂತ ಕೇಳ್ತಾರೆ. ಇಲ್ಲಿ ಅದೇ ತಿಂಡಿ. ಜೊತೆಗೆ ಮಿರ್ಚಿ ಇಲ್ಲದಿದ್ದರೆ ತಿಂದ ಹಾಗೇ ಅಲ್ಲ. ಹೊಟ್ಟೆಗೂ ಇದು ಹಗುರ. ಮಿರ್ಚಿ ಮಾತ್ರ ಬಿಸಿಲಿನ ಹೊತ್ತಲ್ಲಿ ಬೇಡ, ಬೆಳಗ್ಗೆ ಒಂದು, ಬೇಕೇ ಬೇಕಾದರೆ ಸಂಜೆ ಎರಡು.

ಆ ಮಿರ್ಚಿಯನ್ನ ಪೇಪರಿನಲ್ಲಿ ಕಟ್ಟಿ ಕೊಡೋ ರೂಢಿ ಇನ್ನೂ ಬಿಟ್ಟಿಲ್ಲ. ಬಿಸಿ ಎಣ್ಣೆಗೆ ಅಚ್ಚಿನ ಮಸಿ ಕರಗಿ ತಿಂಡಿಗೆ ಅಂಟುತ್ತದೆ. 2018ರ ಆಹಾರ ಪ್ಯಾಕೇಜಿಂಗ್ ನಿಯಮದಲ್ಲಿ ನ್ಯೂಸ್ ಪೇಪರ್ ಬಳಕೆಗೆ ನಿಷೇಧವಿದೆ. ಬಾಳೆತೋಟಗಳ ನಡುವೆ ಇರೋ ಊರಿನವರು ಎಲೆ ತುಂಡು ಬಳಸೋಕೆ ಯಾಕೆ ಯೋಚಿಸಬೇಕು? ಗೋಬಿ ಗಾಡಿಯವರಿಗೂ ಗೊತ್ತಿರಲಿ: ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕೋದನ್ನ, ಬಣ್ಣದ ಬಾಂಬೆ ಮಿಠಾಯಿ ಮಾರೋದನ್ನ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ. ಬಿಳಿ ಮಿಠಾಯಿಗೆ ಅಡ್ಡಿಯಿಲ್ಲ.

ಕಬ್ಬಿನ ಹಾಲು ಕುಡಿಯದೆ ನಮ್ಮ ಬೇಸಿಗೆ ಕಳೆಯಲ್ಲ. ತೊಂದರೆ ಕಬ್ಬಿನದ್ದಲ್ಲ, ಐಸಿನದ್ದು. ದಿಮ್ಮಿ ಐಸನ್ನ ಯಾವ ನೀರಿಂದ ಮಾಡಿದ್ದಾರೆ, ಯಾವ ಗೋಣಿಯಲ್ಲಿ ಸುತ್ತಿ ತಂದಿದ್ದಾರೆ ಅನ್ನೋದು ಗ್ಲಾಸಿನಲ್ಲಿ ಕಾಣೋದಿಲ್ಲ. ಐಸ್ ಆದ ಮಾತ್ರಕ್ಕೆ ರೋಗಾಣು ಸಾಯೋದೂ ಇಲ್ಲ. ಐಸ್ ಬೇಡ ಅಂತ ಹೇಳಿ ಕುಡಿಯಿರಿ. ಅಂಗಡಿಯವರು ಐಸನ್ನ ರಸಕ್ಕೆ ಹಾಕುವ ಬದಲು ಪಾತ್ರೆಯ ಹೊರಗೆ ಇಟ್ಟು ತಂಪು ಮಾಡಿದರೆ ರುಚಿಯೂ ನೀರಾಗಲ್ಲ. ಕಲ್ಲಂಗಡಿಯನ್ನ ಗಿರಾಕಿ ಮುಂದೆಯೇ ಕೊಯ್ದು ಕೊಡಿ. ತಾಟಿನಿಂಗು ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಶುದ್ಧ: ಕಾಯಿ ಕೆತ್ತಿದ ಕೂಡಲೇ ಬಾಯಿಗೆ.

ಮಾವಿನಹಣ್ಣಿನ ಬಗ್ಗೆ ಒಂದು ಮಾತು. ಕಾರ್ಬೈಡ್ ಪುಡಿ ಇಟ್ಟು ಹಣ್ಣು ಮಾಡೋದು ಕಾನೂನಿನಲ್ಲಿ ನಿಷಿದ್ಧ, ಅದರಲ್ಲಿ ಆರ್ಸೆನಿಕ್, ರಂಜಕದ ಅಂಶ ಸೇರಿರುತ್ತದೆ. ಎಥಿಲೀನ್ ಅನಿಲದಿಂದ ಮಿತಿಯೊಳಗೆ ಹಣ್ಣು ಮಾಡೋಕೆ ಅವಕಾಶವಿದೆ, ಅದು ಹಣ್ಣಿನಲ್ಲಿ ತಾನಾಗಿಯೇ ಹುಟ್ಟುವ ಅನಿಲ. ಜಾಗ ಇದ್ದ ಮನೆಯವರು ಬಲಿತ ಕಾಯಿ ತಂದು ಹುಲ್ಲಿನಲ್ಲಿ ಮುಚ್ಚಿಟ್ಟರೆ ಈ ಚಿಂತೆಯೇ ಬೇಡ. ದಿನಾ ಬೆಳಗ್ಗೆ ಯಾವುದು ಹಣ್ಣಾಯ್ತು ಅಂತ ಮೂಸಿ ನೋಡೋ ಕೆಲಸ ಮಕ್ಕಳಿಗೆ ಕೊಡಿ.

ಹನ್ನೊಂದರಿಂದ ನಾಲ್ಕು: ಮನೆಯೇ ಲೇಸು

ಮಧ್ಯಾಹ್ನದ ಬಿಸಿಲು ಮನುಷ್ಯರಿಗಲ್ಲ, ಸಂಡಿಗೆಗೆ. ಮಾಳಿಗೆ ಮೇಲೆ ಹಳೆ ಸೀರೆ ಹಾಸಿ ಸಂಡಿಗೆ ಇಡೋದು, ಮಜ್ಜಿಗೆ ಮೆಣಸಿನಕಾಯಿ ಒಣಗಿಸೋದು, ಶ್ಯಾವಿಗೆ ಎಳೆಯೋದು ಬೆಳಗ್ಗೆಯೇ ಮುಗಿದರೆ ಉಳಿದದ್ದನ್ನ ಸೂರ್ಯ ನೋಡ್ಕೋತಾನೆ. ಕಾಗೆ ಕಾಯೋ ನೆಪದಲ್ಲಿ ಅರ್ಧ ಹಿಟ್ಟು ಹಸಿಯಾಗಿಯೇ ಮಕ್ಕಳ ಹೊಟ್ಟೆ ಸೇರೋದು ಹೊಸದೇನಲ್ಲ. ಊಟಕ್ಕೆ ಮೊಸರನ್ನ, ಜೋಳದ ಅಂಬಲಿ, ನೀರು ಮಜ್ಜಿಗೆ. ಭಾನುವಾರ ಶ್ಯಾವಿಗೆಗೆ ಮಾವಿನಹಣ್ಣಿನ ಶೀಕರಣೆ.

ಈ ಹೊತ್ತಿನಲ್ಲಿ ಒಂದೇ ಬೈಕಿನಲ್ಲಿ ನಾಲ್ಕು ಜನ, ಮುಂದೆ ಟ್ಯಾಂಕ್ ಮೇಲೆ ಚಿಕ್ಕ ಮಗು ಕೂರಿಸ್ಕೊಂಡು ಹೋಗೋರನ್ನ ದಿನಾ ನೋಡ್ತೀವಿ. ಬಿಸಿಗಾಳಿ ಪೂರ್ತಿ ಆ ಮಗುವಿನ ಮುಖಕ್ಕೇ. ಮಗುವಿಗೆ ತಲೆನೋವು, ವಾಂತಿ, ಸುಸ್ತು ಬಂದರೆ ನೆರಳಿಗೆ ತಂದು ಒದ್ದೆ ಬಟ್ಟೆಯಿಂದ ಮೈ ಒರೆಸಿ, ಓಆರ್‌ಎಸ್ ಕುಡಿಸಿ. ಪ್ಯಾಕೆಟ್ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ತಲೆತಟ್ಟಿ ಅಳೆದು. ಮೈ ಕೆಂಡದಂತೆ ಸುಟ್ಟು, ಮಾತು ತಡವರಿಸಿದರೆ ಅಥವಾ ಎಚ್ಚರ ತಪ್ಪಿದರೆ ಅದು ಉಷ್ಣಾಘಾತ. ಬಾಯಿಗೆ ಏನೂ ಹಾಕದೆ, ಮೈಗೆ ನೀರು ಹಾಕಿ ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ.

ಸಂಜೆಗೆ ಕರಡಿ

ನಾಲ್ಕರ ಮೇಲೆ ಎರಡು ದಾರಿ. ಸುಮ್ಮನೆ ಗಾಳಿಗೆ ಕೂರೋರಿಗೆ ಟಿ.ಬಿ. ಡ್ಯಾಂ ಉದ್ಯಾನ. ಬೇಸಿಗೆಯಲ್ಲಿ ನೀರು ಹಿಂದೆ ಸರಿದಿದ್ದರೂ ಸಂಜೆ ಗಾಳಿಗೆ ಕೊರತೆ ಇಲ್ಲ. ಹಿನ್ನೀರಿನ ಒಣಗಿದ ಹೂಳಿನ ಮೇಲೆ ಮಾತ್ರ ನಡೆಯಬೇಡಿ, ಮೇಲೆ ಬಿರುಕು ಬಿಟ್ಟಿದ್ದರೂ ಕೆಳಗೆ ಕೆಸರಿರುತ್ತದೆ.

ಇನ್ನೊಂದು ಕಮಲಾಪುರ ದಾಟಿ ದರೋಜಿ ಕರಡಿಧಾಮ. 1994ರಲ್ಲಿ ಶುರುವಾದ, ಸುಮಾರು 82 ಚದರ ಕಿ.ಮೀ. ವಿಸ್ತಾರದ ಈ ಕುರುಚಲು ಕಾಡಿಗೆ ನಮ್ಮೂರಿನವರಿಗಿಂತ ಹೊರಗಿನವರೇ ಹೆಚ್ಚು ಬರ್ತಾರೆ ಅನ್ನೋದು ಬೇಸರದ ಮಾತು. ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕ ಹಚ್ಚಿ ಬರ್ತಾರೆ. ಬಿಸಿಲು ಇಳಿದಂತೆ ಎದುರಿನ ಗುಡ್ಡದ ಗವಿಗಳಿಂದ ಕರಡಿಗಳು ಒಂದೊಂದಾಗಿ ಇಳಿದು ಬಂದು ನೆಕ್ಕೋಕೆ ಶುರು ಮಾಡ್ತವೆ. ವೀಕ್ಷಣಾ ಗೋಪುರದಿಂದ ದೂರ ಜಾಸ್ತಿ, ಬೈನಾಕ್ಯುಲರ್ ಇದ್ದರೆ ತಗೊಂಡು ಹೋಗಿ. ಮಕ್ಕಳಿಗೆ ಗಲಾಟೆ ಮಾಡಬಾರದು ಅಂತ ಗಾಡಿಯಲ್ಲೇ ಹೇಳಿಡಿ. ಮರಿಯನ್ನ ಬೆನ್ನ ಮೇಲೆ ಹೊತ್ತ ತಾಯಿ ಕರಡಿ ಬಂತು ಅಂದ್ರೆ ಯಾರೂ ಹೇಳಬೇಕಾಗಿಲ್ಲ, ತಾವಾಗೇ ಸುಮ್ಮನಾಗ್ತಾರೆ.